ನಿಧಾನವಾಗಿ ಆರಿದ ಮಣಿ



ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಗೆ ಅಮಾವಾಸ್ಯೆಯಂದು ಜನಸಾಗರವೇ ಹರಿದು ಬರುತ್ತದೆ. ತುಂಗಭದ್ರೆಯಲ್ಲಿ ಮಿಂದು, ಕರಿಬಸವೇಶ್ವರ ಅಜ್ಜಯ್ಯನ ದರ್ಶನ ಪಡೆದ ಹೆಣ್ಣುಮಕ್ಕಳು ಬಳೆ, ಸರಗಳ ಅಂಗಡಿಯತ್ತ ಹೊರಳುತ್ತಾರೆ. ಅಲ್ಲಿನ ಸಣ್ಣ ಗಾಜಿನ ಮಣಿಯ ಹಿಂದೆ ದೊಡ್ಡ ಕಥೆಯಿದೆ.

ದಕ್ಷಿಣ ಭಾರತದ ಗಾಜಿನ ಮಣಿಗಳು ಸಾವಿರಾರು ವರ್ಷಗಳ ಹಿಂದೆಯೇ ಹಡಗು ಹತ್ತಿ ಆಗ್ನೇಯ ಏಷ್ಯಾ ಮುಟ್ಟಿದ್ದವು. ಅತ್ತ ಇಟಲಿಯ ವೆನಿಸ್ ನಗರ ಬೆಂಕಿಯ ಭಯದಿಂದ ತನ್ನ ಗಾಜಿನ ಕುಲುಮೆಗಳನ್ನು ಮುರಾನೋ ದ್ವೀಪಕ್ಕೆ ಸಾಗಿಸಿದ್ದು 1291ರಲ್ಲಿ. ಇಂದು ಮಣಿ ಮಾಡುವುದನ್ನೇ ಹವ್ಯಾಸವಾಗಿಸಿಕೊಂಡ ಕೆಲವರು ಮದುವೆಯ ವಾರ್ಷಿಕೋತ್ಸವಕ್ಕೆ ಜೋಡಿಯಾಗಿ ಅಲ್ಲಿಗೆ ಹೋಗಿ, ಕುಲುಮೆಯ ಕೆಲಸವನ್ನು ಕಣ್ತುಂಬಿಕೊಳ್ಳುತ್ತಾರೆ.

ಮಣಿ ಮಾಡುವ ಬಗೆ ನೋಡಿ. ಉರಿಗೆ ಹಿಡಿದ ಗಾಜಿನ ಕಡ್ಡಿ ಜೇನಿನಂತೆ ಇಳಿಯುತ್ತದೆ. ಅದನ್ನು ಮಣ್ಣಿನ ಲೇಪವಿರುವ ಉಕ್ಕಿನ ಕಡ್ಡಿಗೆ ಸುತ್ತುತ್ತಾ, ತಿರುಗಿಸುತ್ತಲೇ ಇರಬೇಕು. ಕೈ ನಿಂತರೆ ಮಣಿ ಒಂದು ಕಡೆಗೆ ಜೋತುಬೀಳುತ್ತದೆ. ಆಮೇಲೆ ಬಿಸಿಗೂಡಿನಲ್ಲಿ ತಾಸುಗಟ್ಟಲೆ ಮೆಲ್ಲಗೆ ಆರಬೇಕು. ಅವಸರದಲ್ಲಿ ಆರಿದರೆ ಹೊರಮೈ ಮೊದಲು ಗಟ್ಟಿಯಾಗಿ, ಒಳಗೆ ಬಿಗಿತ ಉಳಿದು, ಮಣಿ ಸೀಳುತ್ತದೆ.

ಕಾವು ಸಂಸಾರದಲ್ಲೂ ಇದ್ದದ್ದೇ. ಸಿಟ್ಟು ಏರಿದ ಹೊತ್ತಿನಲ್ಲಿ ತೀರ್ಮಾನ ಬೇಡ. ಮನಸ್ಸು ಆರಲು ಒಂದಿಷ್ಟು ಹೊತ್ತು ಕೊಡೋಣ. ದುಡಿಮೆಯಾಚೆ ಕೈಗೊಂದು ಪ್ರೀತಿಯ ಕೆಲಸವಿರಲಿ. ವರ್ಷಕ್ಕೊಮ್ಮೆಯಾದರೂ ಗಂಡ ಹೆಂಡತಿ ಜೊತೆಯಾಗಿ ಹೊರಡಿ. ವಿದೇಶವೇ ಆಗಬೇಕಿಲ್ಲ, ಹೊಳೆಯ ದಂಡೆಯೂ ಸಾಕು.