ಮಂಡಳಿ ಮೂರು ಅವಕಾಶ ಕೊಡ್ತು, ಮನೆ ಎಷ್ಟು ಕೊಡ್ತು?



ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ನ್ಯೂಸ್ ಚಾನೆಲ್‌ಗಳಲ್ಲಿ ದೊಡ್ಡ ಸಡಗರ. ಯಾವ ಜಿಲ್ಲೆ ಫಸ್ಟು, ಯಾವುದು ಲಾಸ್ಟು, ಟಾಪರ್ ಮನೆ ಎಲ್ಲಿ, ಕ್ಯಾಮೆರಾ ಎಷ್ಟು ಹೊತ್ತಿಗೆ ಅಲ್ಲಿಗೆ ತಲುಪುತ್ತೆ. 2025ರ ಮೇ 2ರಂದು ಫಲಿತಾಂಶ ಬಂದಾಗ 625ಕ್ಕೆ 625 ತಗೊಂಡ ಮಕ್ಕಳು 22. ಅಪ್ಪ ಅಮ್ಮ ಅವರ ಬಾಯಿಗೆ ಸಿಹಿ ಇಡೋದನ್ನ ಇಡೀ ರಾಜ್ಯ ನೋಡಿತು. ನೋಡಬೇಕಾದ್ದೇ, ಸಂತೋಷ. ಆದರೆ ಅದೇ ದಿನ, ಅದೇ ಪರೀಕ್ಷೆಯಲ್ಲಿ ಫೇಲಾದ ಮಕ್ಕಳು ಎರಡೂವರೆ ಲಕ್ಷಕ್ಕೂ ಹೆಚ್ಚು. ಆ ಮನೆಗಳಿಗೆ ಯಾವ ಕ್ಯಾಮೆರಾನೂ ಹೋಗಲ್ಲ. ಇವತ್ತು ನಾನು ಮಾತಾಡ್ತಾ ಇರೋದು ಆ ಮನೆಗಳ ಬಗ್ಗೆ.

ಯೋಚನೆ ಮಾಡಿ. ಒಬ್ಬ ಹುಡುಗ ಮೊಬೈಲಲ್ಲಿ ರಿಜಿಸ್ಟರ್ ನಂಬರ್ ಹಾಕಿ, ಬಂದದ್ದನ್ನ ನೋಡಿ, ಮೊಬೈಲ್ ಬೋರಲು ಇಡ್ತಾನೆ. ಅವನ ತಲೆಯಲ್ಲಿ ಆಗ ಗಣಿತವೂ ಇಲ್ಲ, ವಿಜ್ಞಾನವೂ ಇಲ್ಲ. ಅಪ್ಪ ಏನಂತಾರೆ? ಪಕ್ಕದ ಮನೆ ಆಂಟಿಗೆ ಏನು ಹೇಳಲಿ? ಕ್ಲಾಸಿನವರ ವಾಟ್ಸಾಪ್ ಗ್ರೂಪಲ್ಲಿ ಹೇಗೆ ಮುಖ ತೋರಿಸಲಿ?

ವಯಸ್ಸು ಹದಿನಾರು. ದನಿ ಒಡೆದಿದೆ, ಮುಖದ ತುಂಬ ಮೊಡವೆ, ಕನ್ನಡಿ ಕಂಡರೆ ಸಿಟ್ಟು. ಹೆಣ್ಣುಮಗುವಾದರೆ ಮುಟ್ಟಿನ ಹೊಟ್ಟೆನೋವಲ್ಲೇ ಪರೀಕ್ಷೆ ಬರೆದಿರ್ತಾಳೆ, ಯಾರ ಹತ್ರಾನೂ ಹೇಳಿರಲ್ಲ. ಗೆಳೆಯರು ದೂರ ಇಟ್ಟರೆ ಇಡೀ ಲೋಕವೇ ದೂರ ಇಟ್ಟ ಹಾಗೆ. ವೈದ್ಯರು ಹೇಳೋದು ಏನು ಅಂದ್ರೆ, ಈ ವಯಸ್ಸಲ್ಲಿ ಮೆದುಳಿನಲ್ಲಿ ಭಾವನೆಗಳ ಭಾಗ ಮೊದಲು ಚುರುಕಾಗುತ್ತೆ. ಮುಂದಿನದನ್ನ ಯೋಚಿಸೋ, ದುಡುಕಿಗೆ ಲಗಾಮು ಹಾಕೋ ಭಾಗ ಇರೋದು ಹಣೆಯ ಹಿಂದೆ. ಅದು ಪೂರ್ತಿ ಬಲಿಯೋದಕ್ಕೆ ಇಪ್ಪತ್ತೈದರ ಆಸುಪಾಸು ಬರಬೇಕು. ನಲವತ್ತೈದರ ಅಪ್ಪನಿಗೆ ಗೊತ್ತು, ಇದೊಂದು ಪರೀಕ್ಷೆ, ಮತ್ತೆ ಬರೆಯಬಹುದು ಅಂತ. ಹದಿನಾರರ ಮಗನಿಗೆ ಆ ಗಳಿಗೆಯಲ್ಲಿ ನಾಳೆ ಅನ್ನೋದೇ ಕಾಣಲ್ಲ. ನಾಳೆಯನ್ನ ತೋರಿಸಬೇಕಾದವರೇ ಹೋಗಿ "ನಿನ್ನ ಕಥೆ ಮುಗೀತು ಬಿಡು" ಅಂದರೆ ಆ ಮಗು ಎಲ್ಲಿಗೆ ಹೋಗಬೇಕು ಸ್ವಾಮಿ?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ನೋಡಿ. 2022ರ ಒಂದೇ ವರ್ಷದಲ್ಲಿ ಈ ದೇಶದಲ್ಲಿ ಜೀವ ಕಳಕೊಂಡ ವಿದ್ಯಾರ್ಥಿಗಳು 13,000ಕ್ಕೂ ಹೆಚ್ಚು. ಎಲ್ಲವೂ ಪರೀಕ್ಷೆಯಿಂದಲೇ ಆಯ್ತು ಅಂತ ನಾನು ಹೇಳಲ್ಲ. ಕಾರಣ ಒಂದೇ ಇರಲ್ಲ. ಆದರೆ "ಪರೀಕ್ಷೆಯಲ್ಲಿ ಫೇಲ್" ಅನ್ನೋದಕ್ಕೆ ಆ ಬ್ಯೂರೋ ಪ್ರತ್ಯೇಕ ಲೆಕ್ಕವನ್ನೇ ಇಡುತ್ತೆ.

ಈಗ ಇನ್ನೊಂದು ಕಡೆ ನೋಡಿ. ಸರ್ಕಾರಿ ಕಚೇರಿಗೆ ಕರುಣೆ ಇಲ್ಲ ಅಂತ ನಾವು ದಿನಾ ಬೈತೀವಿ. ಆದರೆ ನಮ್ಮ ಪರೀಕ್ಷಾ ಮಂಡಳಿ 2024ರಿಂದ "ಪೂರಕ ಪರೀಕ್ಷೆ" ಅನ್ನೋ ಹೆಸರನ್ನೇ ತೆಗೆದುಹಾಕಿತು. ಅದರ ಬದಲು ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ತಂದಿತು. ಯಾವುದರಲ್ಲಿ ಹೆಚ್ಚು ಅಂಕ ಬಂತೋ ಅದನ್ನೇ ಉಳಿಸಿಕೊಳ್ಳಬಹುದು. ಪಾಸಾದವರೂ ಅಂಕ ಸಾಲದು ಅನ್ನಿಸಿದರೆ ಮತ್ತೆ ಬರೆಯಬಹುದು. ಮಂಡಳಿ ಮೂರು ಅವಕಾಶ ಕೊಡ್ತು. ಮನೆ ಎಷ್ಟು ಕೊಡ್ತು?

2025ರ ಫಲಿತಾಂಶ ಬಂದಾಗ ಉತ್ತರ ಕರ್ನಾಟಕದ ಒಂದು ಮನೆಯಲ್ಲಿ, ಆರಕ್ಕೆ ಆರೂ ವಿಷಯದಲ್ಲಿ ಫೇಲಾದ ಮಗನ ಕೈಯಲ್ಲಿ ಅಪ್ಪ ಅಮ್ಮ ಕೇಕ್ ಕತ್ತರಿಸಿಸಿದ್ರು. ಫೇಲಾದದ್ದಕ್ಕೂ ಕೇಕಾ ಅಂತ ಕೇಳೋರು ಕೇಳಲಿ. ನಾನು ನೋಡಿದ್ದು ಬೇರೆ. "ನೀನು ಫೇಲಾದೆ, ಆದರೂ ನೀನು ನಮ್ಮ ಮಗನೇ" ಅಂತ ಆ ಮನೆ ಊರಿಗೆಲ್ಲ ಕೇಳೋ ಹಾಗೆ ಹೇಳಿತು.

ಎಲ್ಲರೂ ಕೇಕ್ ತರಬೇಕಾಗಿಲ್ಲ. ಆ ರಾತ್ರಿ ಮಗುವನ್ನ ಒಂಟಿ ಬಿಡಬೇಡಿ. ಜೊತೆಗೆ ಕೂತು ಊಟ ಮಾಡಿ. ನೆಂಟರ ಫೋನಿಗೆ ನೀವೇ ಉತ್ತರ ಕೊಡಿ, ಮಗುವಿನ ಕೈಗೆ ಕೊಡಬೇಡಿ. ಪಕ್ಕದ ಮನೆ ಮಗುವಿನ ಹೆಸರು ಎತ್ತಬೇಡಿ. ಎರಡು ದಿನ ಬಿಟ್ಟು ಪರೀಕ್ಷೆ-2ರ ಮಾತು ತೆಗೀರಿ. ಊಟ ಬಿಟ್ಟರೆ, ನಿದ್ದೆ ಬಿಟ್ಟರೆ, "ನಾನಿದ್ದು ಏನು ಪ್ರಯೋಜನ" ಅಂತ ಅಂದರೆ, ನಾಟಕ ಅಂತ ತಳ್ಳಿಹಾಕಬೇಡಿ. ಹತ್ತಿರ ಕೂತು ನೇರವಾಗಿ ಕೇಳಿ. 14416ಕ್ಕೆ ಕರೆ ಮಾಡಿ. ಅದು ಟೆಲಿ-ಮಾನಸ್, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡ್ತಾರೆ.

ಈ ಕಾರ್ಯಕ್ರಮ ನೋಡ್ತಿರೋ ಮಕ್ಕಳೇ, ನಿಮಗೂ ಒಂದು ಮಾತು. ಅಪ್ಪನ ಹತ್ರ ಹೇಳೋಕೆ ಆಗದಿದ್ದರೆ ಅಮ್ಮನ ಹತ್ರ, ಅಜ್ಜಿ ಹತ್ರ, ಇಷ್ಟದ ಮೇಷ್ಟ್ರ ಹತ್ರ ಹೇಳಿ. ಯಾರೂ ಸಿಗದಿದ್ದರೆ ಅದೇ ನಂಬರಿಗೆ ನೀವೇ ಫೋನ್ ಮಾಡಿ. ಪರೀಕ್ಷೆ ಮತ್ತೆ ಬರುತ್ತೆ. ಅದನ್ನ ಬರೆಯೋದಕ್ಕೆ ನೀವು ಇರಬೇಕು.