ಕಾರಾಪುರದ ಹುಡುಗ, ಹಾಲಿವುಡ್‌ನ ತಾರೆ

ಹಳೆಯ ಹಾಲಿವುಡ್ ನಟರಲ್ಲಿ ನಿಮಗೆ ಇಷ್ಟವಾದವರ ಬಗ್ಗೆ ಮಾತಾಡಿ ಅಂತ ನಮ್ಮ ಹೇರೋಹಳ್ಳಿಯ ಸಂಘದವರು ಕೇಳಿದಾಗ ನಾನು ಯೋಚನೆ ಮಾಡಲೇ ಇಲ್ಲ. ನನ್ನ ನಟ ನಮ್ಮ ಹೆಗ್ಗಡದೇವನಕೋಟೆ ಕಡೆಯವನು. ಹೆಸರು ಸಾಬು ದಸ್ತಗೀರ್.

1924ರಲ್ಲಿ ಕಬಿನಿ ದಂಡೆಯ ಕಾರಾಪುರದಲ್ಲಿ ಹುಟ್ಟಿದ. ಅಪ್ಪ ಮಾವುತ. ಚಿಕ್ಕಂದಿನಲ್ಲೇ ಹೆತ್ತವರನ್ನು ಕಳೆದುಕೊಂಡ ಹುಡುಗನಿಗೆ ಮೈಸೂರು ಅರಮನೆಯ ಆನೆ ಲಾಯವೇ ಆಸರೆಯಾಯಿತು. ಇಂಗ್ಲಿಷ್ ಲೇಖಕ ಕಿಪ್ಲಿಂಗ್‌ನ ಕಥೆಯೊಂದನ್ನು ಸಿನಿಮಾ ಮಾಡಲು ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದ. ಅವನ ತಂಡದವರ ಕಣ್ಣಿಗೆ ಸಾಬು ಬಿದ್ದ. 1937ರಲ್ಲಿ 'ಎಲಿಫೆಂಟ್ ಬಾಯ್' ತೆರೆಕಂಡಾಗ ಹದಿಮೂರು ವರ್ಷದ ಹುಡುಗ ಲೋಕಕ್ಕೆಲ್ಲ ಪರಿಚಿತನಾದ.

ಆ ಚಿತ್ರ ನೋಡುವಾಗ ಅವನ ಮೈಯನ್ನು ಗಮನಿಸಿ. ಆನೆಯ ಹತ್ತಿರ ನಿಂತಾಗ ಹೆಗಲಲ್ಲಿ ಬಿಗುವಿಲ್ಲ, ಕಣ್ಣಲ್ಲಿ ಅಳುಕಿಲ್ಲ. ಅಷ್ಟು ದೊಡ್ಡ ಜೀವ ಪಕ್ಕದಲ್ಲಿದ್ದರೂ ಮನೆಯವರ ಜೊತೆ ಇದ್ದಷ್ಟು ಸಲೀಸು. ಯಾವ ನಟನಾ ಶಾಲೆಯೂ ಇದನ್ನು ಕಲಿಸಲಾರದು. ಅದು ಮಾವುತರ ಮನೆತನದ ವಿದ್ಯೆ. ಹಾಲಿವುಡ್ ಮೆಚ್ಚಿದ ಆ ಸಹಜತೆ ನಮ್ಮ ಕಾಡಂಚಿನ ದುಡಿಯುವ ಜನರದ್ದು ಅನ್ನುವುದೇ ನನ್ನ ಇವತ್ತಿನ ಮಾತು.

ನಾನು ಅವನ ಅಭಿಮಾನಿಯಾದದ್ದು ಕಾಲೇಜು ದಿನಗಳಲ್ಲಿ 'ದಿ ಥೀಫ್ ಆಫ್ ಬಾಗ್ದಾದ್' ನೋಡಿ. ಇಂಗ್ಲೆಂಡಿನಲ್ಲಿ ಶುರುವಾದ ಆ ಚಿತ್ರ ಎರಡನೇ ಮಹಾಯುದ್ಧದಿಂದಾಗಿ ಅಮೆರಿಕದಲ್ಲಿ ಮುಗಿದು 1940ರಲ್ಲಿ ಬಿಡುಗಡೆಯಾಯಿತು. ಸಮುದ್ರದ ದಡದಲ್ಲಿ ಸಾಬು ಸೀಸೆಯ ಬಿರಡೆ ತೆಗೆಯುತ್ತಾನೆ. ಹೊಗೆಯೊಳಗಿಂದ ಮುಗಿಲೆತ್ತರದ ಭೂತ ಎದ್ದು ಇವನನ್ನು ತುಳಿದುಹಾಕಲು ಬರುತ್ತದೆ. ಹುಡುಗ ಉಪಾಯ ಮಾಡಿ ಅದನ್ನು ಮತ್ತೆ ಸೀಸೆಯೊಳಗೆ ಸೇರಿಸುತ್ತಾನೆ! ಆಮೇಲೆ ಭೂತ ಮೂರು ವರ ಕೊಟ್ಟರೆ, ಹಸಿದ ಹುಡುಗ ಮೊದಲು ಬೇಡುವುದು ಅಮ್ಮ ಮಾಡುತ್ತಿದ್ದಂಥ ತಿಂಡಿಯನ್ನು. ತೆರೆಯಾಚೆ ಅಮ್ಮನಿಲ್ಲದ ಹುಡುಗನ ಬಾಯಲ್ಲಿ ಆ ಮಾತು ಕೇಳಿದರೆ ಈಗಲೂ ನನ್ನ ಗಂಟಲು ಕಟ್ಟುತ್ತದೆ.

1942ರ 'ಜಂಗಲ್ ಬುಕ್'ನಲ್ಲಿ ಕಾಡಿನಲ್ಲಿ ಬೆಳೆದ ಹುಡುಗ ಮೋಗ್ಲಿ ಅವನೇ. 1944ರಲ್ಲಿ ಅಮೆರಿಕದ ಪೌರನಾಗಿ, ತಾರಾಪಟ್ಟ ಬದಿಗಿಟ್ಟು ವಾಯುಪಡೆ ಸೇರಿದ. ಬಿ-24 ಬಾಂಬರ್ ವಿಮಾನಗಳಲ್ಲಿ ಗನ್ನರ್ ಆಗಿ ಪೆಸಿಫಿಕ್‌ನಲ್ಲಿ ಹೋರಾಡಿ, 'ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್' ಪದಕ ಪಡೆದ. ಯುದ್ಧ ಮುಗಿದ ಮೇಲೆ 'ಬ್ಲ್ಯಾಕ್ ನಾರ್ಸಿಸಸ್' ಬಿಟ್ಟರೆ ಒಳ್ಳೆಯ ಪಾತ್ರಗಳು ಸಿಕ್ಕಿದ್ದು ಕಡಿಮೆ. ಬೆಳೆದ ಗಂಡಸಿಗೂ ಹಾಲಿವುಡ್ ಕಾಡಿನ ಹುಡುಗನ ವೇಷವನ್ನೇ ತೊಡಿಸಿತು. ಇತ್ತ ಭಾರತದಲ್ಲಿ ನಿರ್ದೇಶಕ ಮೆಹಬೂಬ್ ಖಾನ್ 'ಮದರ್ ಇಂಡಿಯಾ'ದ ಬಿರ್ಜು ಪಾತ್ರಕ್ಕೆ ಅವನನ್ನು ಬಯಸಿದ್ದರು. ಅದೂ ಕೈಗೂಡಲಿಲ್ಲ. ಆ ಪಾತ್ರ ಸುನಿಲ್ ದತ್ ಪಾಲಾಯಿತು. 1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ತೀರಿಕೊಂಡಾಗ ಸಾಬುಗೆ ಬರೀ 39 ವರ್ಷ.

ಹಾಲಿವುಡ್‌ನ ರಸ್ತೆಯಲ್ಲಿ ಅವನ ಹೆಸರಿನ ನಕ್ಷತ್ರವಿದೆ. ನಮ್ಮ ಹೇರೋಹಳ್ಳಿಯಿಂದ ಕಬಿನಿ ಸಫಾರಿಗೆ ಹೋಗಿಬರುವ ಮಕ್ಕಳಿಗೆ ಆ ಹೆಸರೇ ಗೊತ್ತಿಲ್ಲ. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ. ಸಂಘದವರಲ್ಲಿ ನನ್ನದೊಂದು ಕೋರಿಕೆ: ಬೇಸಿಗೆ ರಜೆಯಲ್ಲಿ ಇದೇ ಸಭಾಂಗಣದಲ್ಲಿ ಮಕ್ಕಳಿಗೆ 'ಎಲಿಫೆಂಟ್ ಬಾಯ್' ತೋರಿಸೋಣ. ಜೊತೆಗೆ ಕೂತು ಕನ್ನಡದಲ್ಲಿ ಕಥೆ ಹೇಳುವ ಕೆಲಸ ನನ್ನದು.