ಹಜ್ ಯಾತ್ರಿಕರ ಸೂಜಿ ಮತ್ತು ತೊಟ್ಟಿಲ ಕೂಸು
(ಮುಗದದಲ್ಲಿ ನಡೆದ ಪಾಲಕರ ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಿಮ್ಮ ಮನೆಯಲ್ಲಿ ಯಾರಾದರೂ ಹಜ್‌ಗೆ ಹೋಗಿದ್ದರೆ, ಹೊರಡುವ ಮುನ್ನ ಅವರು ತೋಳಿಗೆ ಸೂಜಿ ಹಾಕಿಸಿಕೊಂಡದ್ದು ನಿಮಗೆ ನೆನಪಿರಬೇಕು. ಅದು ಏತಕ್ಕೆ ಎಂದು ಕೇಳಿದರೆ "ಹಜ್ ಸೂಜಿ" ಎಂದಷ್ಟೇ ಉತ್ತರ ಬರುತ್ತದೆ. ಅದು ಮೆನಿಂಗೊಕಾಕಸ್ ಎಂಬ ರೋಗಾಣುವಿನ ವಿರುದ್ಧದ ಲಸಿಕೆ. ಈ ರೋಗಾಣು ಮೆದುಳಿನ ಪೊರೆಗೆ ಉರಿಯೂತ ತರುತ್ತದೆ, ರಕ್ತವನ್ನೂ ಸೇರುತ್ತದೆ. 1987ರ ಹಜ್ ಸಮಯದಲ್ಲಿ ಇದರ 'ಎ' ತಳಿ ಹಬ್ಬಿತು. 2000 ಮತ್ತು 2001ರಲ್ಲಿ 'ಡಬ್ಲ್ಯು' ತಳಿ ಯಾತ್ರಿಕರ ಜೊತೆ ಅನೇಕ ದೇಶಗಳಿಗೆ ಹೋಯಿತು. ಆ ಬಳಿಕ ಎ, ಸಿ, ವೈ, ಡಬ್ಲ್ಯು ಎಂಬ ನಾಲ್ಕೂ ತಳಿಗಳ ಲಸಿಕೆಯನ್ನು ಸೌದಿ ಸರಕಾರ ಕಡ್ಡಾಯ ಮಾಡಿತು.

ಅಜ್ಜನ ಸೂಜಿಯ ಬಗ್ಗೆ ಇಷ್ಟು ಕಾಳಜಿ ವಹಿಸುವ ನಾವು, ಅದೇ ಮನೆಯ ತೊಟ್ಟಿಲಲ್ಲಿರುವ ಕೂಸಿನ ಲಸಿಕೆ ಕಾರ್ಡು ನೋಡಿದ್ದೇವೆಯೆ? ಈ ರೋಗ ಹೆಚ್ಚಾಗಿ ಕಾಡುವುದು ಒಂದು ವರ್ಷದೊಳಗಿನ ಕೂಸುಗಳನ್ನು. ನನ್ನ ತಪ್ಪನ್ನೇ ಮೊದಲು ಹೇಳುತ್ತೇನೆ. ಮನೆಯ ಹಿರಿಯರನ್ನು ಲಸಿಕೆಗೆಂದು ಧಾರವಾಡಕ್ಕೆ ಕರೆದೊಯ್ದ ನಾನು, ಅದೇ ತಿಂಗಳು ನನ್ನ ಮಗಳ ಒಂಬತ್ತನೆಯ ತಿಂಗಳ ಲಸಿಕೆಯನ್ನು ಮರೆತಿದ್ದೆ. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದು ಕೇಳಿದಾಗ ನಾಚಿಕೆಯಾಯಿತು.

ಕೂಸುಗಳಲ್ಲಿ ಮೆದುಳುಪೊರೆಯ ಉರಿಯೂತ ತರುವ ಮುಖ್ಯ ರೋಗಾಣುಗಳು ಮೂರು: ಹಿಬ್, ನ್ಯುಮೊಕಾಕಸ್, ಮೆನಿಂಗೊಕಾಕಸ್. ಮೊದಲ ಎರಡಕ್ಕೆ ಸರಕಾರವೇ ಉಚಿತವಾಗಿ ಲಸಿಕೆ ಕೊಡುತ್ತದೆ. ಹಿಬ್ ಲಸಿಕೆ ಪೆಂಟಾವೇಲೆಂಟ್‌ನಲ್ಲಿಯೇ ಸೇರಿದೆ. ಅದನ್ನು 6, 10 ಮತ್ತು 14ನೆಯ ವಾರಗಳಲ್ಲಿ ಹಾಕುತ್ತಾರೆ. ನ್ಯುಮೊಕಾಕಸ್ ಲಸಿಕೆ, ಅಂದರೆ ಪಿಸಿವಿ, 2021ರಲ್ಲಿ ದೇಶದಾದ್ಯಂತ ಬಂತು. ಅದು 6ನೆಯ ವಾರ, 14ನೆಯ ವಾರ ಮತ್ತು 9ನೆಯ ತಿಂಗಳಿಗೆ. ಮೂರನೆಯದಾದ ಮೆನಿಂಗೊಕಾಕಸ್ ಲಸಿಕೆ ಸರಕಾರಿ ಪಟ್ಟಿಯಲ್ಲಿ ಇಲ್ಲ. ನಮ್ಮಲ್ಲಿ ಆ ರೋಗ ದಿನನಿತ್ಯದ್ದಲ್ಲ, ಆಗಾಗ ಹಬ್ಬುವಂಥದು: 1985ರಲ್ಲಿ ಮತ್ತು 2005ರಲ್ಲಿ ದೆಹಲಿಯಲ್ಲಿ, 2008ರಲ್ಲಿ ಮೇಘಾಲಯದಲ್ಲಿ ಹಾಗೆ ಹಬ್ಬಿತ್ತು. ಆದ್ದರಿಂದ ಪ್ರತಿ ಕೂಸಿಗೂ ಇದು ಬೇಕೆಂದು ನಾನು ಹೇಳುವುದಿಲ್ಲ. ಗುಲ್ಮ ಇಲ್ಲದ ಮಕ್ಕಳಿಗೆ, ರೋಗನಿರೋಧಕ ಶಕ್ತಿಯ ಕೆಲವು ಕೊರತೆ ಇರುವವರಿಗೆ, ರೋಗ ಹಬ್ಬಿದ ಊರಿನವರಿಗೆ ಮತ್ತು ಹಜ್, ಉಮ್ರಾಗೆ ಹೊರಟವರಿಗೆ ಇದು ಬೇಕು.

ಈ ಕೊನೆಯ ಮಾತು ನಮಗೆ ಸಂಬಂಧಿಸಿದ್ದು. ಈಗ ಅನೇಕರು ಕೂಸುಗಳೊಂದಿಗೆ ಉಮ್ರಾಗೆ ಹೋಗುತ್ತಾರೆ. 2024ರ ಏಪ್ರಿಲ್-ಮೇ ತಿಂಗಳಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್‌ಗಳಲ್ಲಿ ಸೌದಿ ಯಾತ್ರೆಗೆ ಸಂಬಂಧಪಟ್ಟ 12 ಪ್ರಕರಣಗಳು ಕಂಡುಬಂದವು. ಅವರಲ್ಲಿ ಇಬ್ಬರು ಯಾತ್ರೆಗೇ ಹೋದವರಲ್ಲ, ಹೋಗಿಬಂದವರ ಹತ್ತಿರ ಇದ್ದವರು. ಲಸಿಕೆಯ ವಿವರ ಸಿಕ್ಕ 9 ಜನರಲ್ಲಿ ಒಬ್ಬರೂ ಅದನ್ನು ಹಾಕಿಸಿಕೊಂಡಿರಲಿಲ್ಲ. ನಾವು ಹಾಕಿಸಿಕೊಳ್ಳದಿದ್ದರೆ ಬೆಲೆ ತೆರುವವರು ಮನೆಯಲ್ಲಿ ಉಳಿದವರೂ ಆಗಬಹುದು ಎಂಬ ಪಾಠ ಇದರಲ್ಲಿದೆ.

ಒಂದು ವರ್ಷ ಮೀರಿದ ಯಾತ್ರಿಕರೆಲ್ಲರಿಗೂ ಈ ಲಸಿಕೆ ಕಡ್ಡಾಯ. ಅಲ್ಲಿ ತಲುಪುವ ಕನಿಷ್ಠ 10 ದಿನ ಮೊದಲು ಹಾಕಿಸಿರಬೇಕು. ಚಿಕ್ಕ ಕೂಸುಗಳಿಗೆ ಕೆಲವು ಲಸಿಕೆಗಳನ್ನು ತಿಂಗಳುಗಳ ಅಂತರದಲ್ಲಿ ಎರಡು ಸಲ ಹಾಕಬೇಕಾಗುತ್ತದೆ. ಆದ್ದರಿಂದ ಟಿಕೆಟ್ ತೆಗೆಯುವ ಮುನ್ನವೇ ಮಕ್ಕಳ ತಜ್ಞರನ್ನು ಕಾಣಿರಿ.

ಲಸಿಕೆಯಿಂದ ಏನಾಗುತ್ತದೆ ಎಂದು ಕೇಳುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಮುಗದ ಸ್ಟೇಷನ್ನಿನ ಹಳಿ ಲೋಂಡಾ, ಬೆಳಗಾವಿ ದಾಟಿ ಪುಣೆಗೆ ಹೋಗುತ್ತದೆ. ಆ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ 'ಎ' ತಳಿಗೆ ಲಸಿಕೆ ತಯಾರಿಸಿ, ಡೋಸ್ ಒಂದಕ್ಕೆ ಅರ್ಧ ಡಾಲರಿಗಿಂತ ಕಡಿಮೆಗೆ ಕೊಟ್ಟಿತು. 2010ರಲ್ಲಿ ಬುರ್ಕಿನಾ ಫಾಸೊದಿಂದ ಆರಂಭಿಸಿ ಆಫ್ರಿಕಾದಲ್ಲಿ ಕೋಟಿಗಟ್ಟಲೆ ಜನರಿಗೆ ಅದನ್ನು ಹಾಕಲಾಯಿತು. ಸಾವಿರಾರು ಜನರನ್ನು ಬಲಿ ತೆಗೆದುಕೊಳ್ಳುತ್ತಿದ್ದ ಆ ತಳಿಯ ಒಂದು ಪ್ರಕರಣವೂ 2017ರ ನಂತರ ಅಲ್ಲಿ ದೃಢಪಟ್ಟಿಲ್ಲ.

ತಾಯಂದಿರೆ, ಈ ಲಕ್ಷಣಗಳನ್ನು ನೆನಪಿಡಿ. ಜ್ವರದ ಜೊತೆ ಕೂಸು ಹಾಲು ಬಿಡುವುದು, ಕೀರಲು ದನಿಯಲ್ಲಿ ಅಳುವುದು, ಎಬ್ಬಿಸಿದರೂ ಮಂಪರಿನಲ್ಲಿರುವುದು, ನೆತ್ತಿ ಉಬ್ಬುವುದು, ಕೈಕಾಲು ತಣ್ಣಗಾಗುವುದು, ಗಾಜಿನ ಲೋಟ ಒತ್ತಿದರೂ ಮಾಯವಾಗದ ಕೆಂಪು-ನೇರಳೆ ಚುಕ್ಕೆಗಳು. ಕಪ್ಪು ಮೈಬಣ್ಣದ ಕೂಸಿಗೆ ಅಂಗೈ, ಅಂಗಾಲು ನೋಡಿ. ಚುಕ್ಕೆ ಬರಲೆಂದು ಕಾಯಬೇಡಿ. ಈ ರೋಗ ಒಂದೇ ದಿನದಲ್ಲಿ ಪ್ರಾಣ ತೆಗೆಯಬಲ್ಲದು. ಉಳಿದ ಕೂಸಿಗೂ ಕಿವಿ ಕೇಳದಂತಾಗಬಹುದು. ನಾಳೆ ನೋಡೋಣ ಎನ್ನದೆ, ತಾಯತ ಕಟ್ಟಿ ಕಾಯದೆ, ರಾತ್ರಿಯಾಗಿದ್ದರೂ ಧಾರವಾಡದ ಜಿಲ್ಲಾ ಆಸ್ಪತ್ರೆಗೋ ಹುಬ್ಬಳ್ಳಿಯ ಕೆಎಂಸಿಆರ್‌ಐಗೋ (ಹಿಂದಿನ ಕಿಮ್ಸ್) ಹೊರಡಿ. 108ಕ್ಕೆ ಕರೆ ಮಾಡಿ.

ವಿದ್ಯಾರ್ಥಿಗಳೆ, ಕೊನೆಯ ಮಾತು ನಿಮಗೆ. ನಿಮ್ಮ ಓದು ಮನೆಗೆ ಉಪಯೋಗವಾಗಲಿ. ಇಂದು ಸಂಜೆ ಮನೆಗೆ ಹೋಗಿ ತಮ್ಮ ತಂಗಿಯರ ತಾಯಿ ಕಾರ್ಡು ತೆಗೆಯಿರಿ. ಪೆಂಟಾ ಮೂರು, ಪಿಸಿವಿ ಮೂರು ಆಗಿವೆಯೇ ಎಂದು ಎಣಿಸಿರಿ. ಒಂದು ಖಾನೆ ಖಾಲಿ ಇದ್ದರೂ ನಾಳೆಯೇ ಆಶಾ ಅಕ್ಕನಿಗೆ ತಿಳಿಸಿರಿ. ತಡವಾದರೂ ಅವರು ಏನು ಮಾಡಬೇಕೆಂದು ಹೇಳುತ್ತಾರೆ. ಇಷ್ಟು ಮಾಡಿದರೆ ಇಂದಿನ ಸಭೆ ಸಾರ್ಥಕ.